ಕಣ್ಣೆದುರೇ ಇರುವ ಫೋಲ್ಡರ್ ಇಲ್ಲವಂತೆ!

ಕಳೆದ ವಾರ ಅಕ್ಕನ ಮನೆ ಗೃಹಪ್ರವೇಶಕ್ಕೆ ವಾಟ್ಸಾಪ್ ಆಮಂತ್ರಣ ಮಾಡಲು ಗಿಂಪ್ ಅನ್ನೋ, ಚಿತ್ರ ತಿದ್ದುವ ಉಚಿತ ಸಾಫ್ಟ್‌ವೇರ್ ತೆರೆದು ಕೂತಿದ್ದೆ. ಮೇಲೆ ಗಣಪತಿ, ಎರಡೂ ಕಡೆ ಬಾಳೆಕಂಬ, ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಅಂತ ಹನ್ನೊಂದು ಹೆಸರು. ಯಾರ ಹೆಸರು ಮೊದಲು ಬರಬೇಕು ಅನ್ನೋದಕ್ಕೇ ಎರಡು ದಿನ ಹೋಗಿತ್ತು, ಅದು ಬೇರೆ ಕಥೆ. ಎಲ್ಲ ಮುಗಿಸಿ ಜೆಪೆಗ್ ಮಾಡಲು ಹೋದರೆ, ಅಂಥ ಫೈಲ್ ಅಥವಾ ಫೋಲ್ಡರ್ ಇಲ್ಲ ಅಂತ ಬಂತು.

ಇಲ್ಲ ಅಂದ್ರೆ? ಪಿಕ್ಚರ್ಸ್ ಫೋಲ್ಡರ್ ಕಣ್ಣೆದುರೇ ಇದೆ. ಒಳಗೆ ಮೊನ್ನೆಯ ನಾಮಕರಣದ ಫೋಟೋಗಳಿವೆ. ಕನ್ನಡದಲ್ಲಿ ಹೆಸರಿಟ್ಟಿದ್ದಕ್ಕೆ ಹೀಗೇನೋ ಅಂತ ಇಂಗ್ಲಿಷಿನಲ್ಲಿ ಇಟ್ಟು ನೋಡಿದೆ. ಗಿಂಪ್ ತೆಗೆದು ಮತ್ತೆ ಹಾಕಿದೆ. ಊಹೂಂ. ಅಕ್ಕನದು ಫೋನ್ ಮೇಲೆ ಫೋನ್: “ಇನ್ನೂ ಕಳಿಸ್ಲಿಲ್ವೇನೋ?”

ಡಿಟಿಪಿ ಮಾಡುವ ಗೆಳೆಯನನ್ನು ಕೇಳಿದೆ. “ಫ್ರೀ ಸಾಫ್ಟ್‌ವೇರ್ ಅಲ್ವಾ ಗುರು, ಅದರ ಹಣೆಬರಹ ಅಷ್ಟೇ. ಫೋಟೋಶಾಪ್ ಕ್ರ್ಯಾಕ್ ಹಾಕ್ಕೊಡ್ತೀನಿ, ಆಂಟಿವೈರಸ್ ಆಫ್ ಮಾಡಿಟ್ಟಿರು” ಅಂದ.

ಆಗಲೇ ತಲೆಗೆ ಹೊಳೆದದ್ದು. ಆಂಟಿವೈರಸ್ ತೆರೆದು ಹಿಸ್ಟರಿ ನೋಡಿದರೆ ಸಾಲುಸಾಲಾಗಿ ಅದೇ: ತಡೆಯಲಾಗಿದೆ, ತಡೆಯಲಾಗಿದೆ. ನಾನು ಒತ್ತಿದ ಒಂದೊಂದು ಸಲವನ್ನೂ ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಂಡಿದೆ, ನನಗೆ ಮಾತ್ರ ಒಂದು ಮಾತು ಹೇಳಿಲ್ಲ!

ಇದು ರಾನ್ಸಮ್‌ವೇರ್ ಕಾವಲು, ಅಂದರೆ ಫೈಲುಗಳನ್ನು ಒತ್ತೆ ಇಟ್ಟುಕೊಂಡು ದುಡ್ಡು ಕೀಳುವ ವೈರಸ್‌ಗಳನ್ನು ತಡೆಯುವ ಕಾವಲು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂದಿತ್ತಲ್ಲ, ಫೈಲುಗಳಿಗೆಲ್ಲ ಬೀಗ ಹಾಕಿ 300 ಡಾಲರ್ ಬಿಟ್‌ಕಾಯಿನ್ ಕೇಳುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲೇ ಕೆಲಸ ನಿಂತಿತ್ತು. ಅದೇ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೂ ಇಂಥ ಕಾವಲು ಸೇರಿಕೊಂಡಿತು. ಅಲ್ಲಿ ಅದನ್ನು ನಾವೇ ಆನ್ ಮಾಡಬೇಕು. ನನ್ನ ಆಂಟಿವೈರಸ್ ಬೇರೆ ಕಂಪನಿಯದು, ಹೆಸರು ಬೇಡ. ತನಗೆ ಗುರುತಿಲ್ಲದ ಪ್ರೋಗ್ರಾಂ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಲ್ಲಿ ಏನೂ ಬರೆಯದಂತೆ ಅಡ್ಡ ನಿಲ್ಲುತ್ತದೆ. ಡಿ ಡ್ರೈವಿನ ಯಾವುದೋ ಮೂಲೆಗೆ ಹಾಕಿದ್ದರೆ ತಕರಾರೇ ಇರುತ್ತಿರಲಿಲ್ಲ.

ಸರಿ, ಗಿಂಪ್‌ಗೆ ಅನುಮತಿ ಕೊಟ್ಟೆ. ಅದರದೇ ಎಕ್ಸ್‌ಸಿಎಫ್ ಫೈಲ್ ಸೇವ್ ಆಯಿತು. ಜೆಪೆಗ್ ಮಾಡಲು ಹೋದರೆ ಮತ್ತೆ ಅದೇ ರಾಗ! ನನ್ನದು ಗಿಂಪ್‌ನ 2.10 ಆವೃತ್ತಿ. ಅದರಲ್ಲಿ ಜೆಪೆಗ್ ಬರೆಯುವುದು ಗಿಂಪ್ ಅಲ್ಲ, ಅದರ ಕೈಕೆಳಗಿನ ಪ್ಲಗಿನ್ ಅನ್ನೋ ಇನ್ನೊಂದು ಪುಟ್ಟ ಪ್ರೋಗ್ರಾಂ. ಪಿಎನ್‌ಜಿಗೆ ಮತ್ತೊಂದು. ಯಜಮಾನನನ್ನು ಒಳಗೆ ಬಿಟ್ಟು ಆಳನ್ನು ಗೇಟಿನಲ್ಲೇ ನಿಲ್ಲಿಸಿದ ಹಾಗಾಯ್ತು. ಪ್ಲಗಿನ್ ಫೋಲ್ಡರ್ ಹುಡುಕಿ ಅವಕ್ಕೂ ಅನುಮತಿ ಕೊಟ್ಟೆ.

ತಡೆದದ್ದಕ್ಕೆ ನನಗೆ ಸಿಟ್ಟಿಲ್ಲ. ಗುರುತಿಲ್ಲದವನನ್ನು ತಡೆಯುವುದೇ ಅದರ ಕೆಲಸ. ಆದರೆ “ನಾನು ಬಿಡಲ್ಲ” ಅನ್ನಬೇಕಾದ ವಾಚ್‌ಮನ್ “ಇಲ್ಲಿ ಅಂಥ ಮನೆಯೇ ಇಲ್ಲ” ಅಂದರೆ? ಗಿಂಪ್ ಪಾಪ, ಕೇಳಿಸಿಕೊಂಡ ಸುಳ್ಳನ್ನೇ ನನಗೆ ದಾಟಿಸಿ ಬೈಸಿಕೊಂಡಿತು. ಸುಮ್ನೆ ಒಂದು ಸಾಲು ತೆರೆಯ ಮೇಲೆ ತೋರಿಸಿದ್ದರೆ ಎರಡು ಗಂಟೆ ಉಳಿಯುತ್ತಿತ್ತು. ಹೀಗೆ ಸತಾಯಿಸಿದರೆ ಜನ ಏನು ಮಾಡ್ತಾರೆ? ಆಂಟಿವೈರಸ್ಸನ್ನೇ ಕಿತ್ತು ಹಾಕಿ, ಗೆಳೆಯ ಹೇಳಿದ ಕ್ರ್ಯಾಕ್ ಹಾಕಿಸಿಕೊಳ್ಳುತ್ತಾರೆ. ಕಳ್ಳ ಬರುವ ಹೊತ್ತಿಗೇ ಕಾವಲಿನವನಿಗೆ ರಜೆ!

ಅಂತೂ ರಾತ್ರಿ ಹನ್ನೊಂದಕ್ಕೆ ಅಕ್ಕನಿಗೆ ಆಮಂತ್ರಣ ಕಳಿಸಿದೆ. ಬೆಳಿಗ್ಗೆ ಉತ್ತರ ಬಂತು: “ಚೆನ್ನಾಗಿದೆ ಕಣೋ. ಭಾವನ ಚಿಕ್ಕಪ್ಪನ ಹೆಸರೇ ಬಿಟ್ಟೋಗಿದೆ.”