ಸ್ಪಷ್ಟನೆ: ಧ್ವನಿಮುದ್ರಣ ಯಾರ ಕೆಲಸಕ್ಕೂ ಕುತ್ತಲ್ಲ

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ, ಕಾರ್ಮಿಕರಿಗೆ ಇಂಗ್ಲಿಷ್ ಕಲಿಸುವ ನಾವು ಅವರ ಮಾತನ್ನು ಮುದ್ರಿಸುತ್ತಿರುವುದು ಇಂಗ್ಲಿಷ್ ಬಾರದವರನ್ನು ಕೆಲಸದಿಂದ ತೆಗೆಸಲು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಶುದ್ಧ ಸುಳ್ಳು. ಒಪ್ಪಿದವರು ತಾವೇ ಮುದ್ರಿಸಿ ಕೊಡುತ್ತಾರೆ, ಬೇಡವೆಂದದ್ದನ್ನು ಅಳಿಸುತ್ತೇವೆ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ 1996ರಿಂದಲೇ ಸಂಶೋಧಕರು ಕಚೇರಿ, ಕಾರ್ಖಾನೆಗಳ ಮಾತನ್ನು ಹೀಗೆ ಸಂಗ್ರಹಿಸಿದ್ದಾರೆ.

ಈ ಮಾತು ಕೇಳಿ ತಿದ್ದಬೇಕಿರುವುದು ನಮ್ಮ ಇಂಗ್ಲಿಷ್ ಪಾಠವನ್ನು, ಕಾರ್ಮಿಕರನ್ನಲ್ಲ. ಹಳೆಯ ಪಾಠದಲ್ಲಿ ರಜೆಯ ಅರ್ಜಿಯಿತ್ತು (ಅದನ್ನು ಈಗ ಯಾರು ಬರೆಯುತ್ತಾರೋ!). ಫೌಂಡ್ರಿಯ ಹುಡುಗನಿಗೆ ಬೇಕಾದದ್ದು, ಎರಕದಲ್ಲಿ ಬ್ಲೋಹೋಲ್ (ಅನಿಲ ಸಿಕ್ಕಿಕೊಂಡು ಆಗುವ ತೂತು) ಏಕೆ ಬಂತೆಂದು ಪುಣೆಯ ಗ್ರಾಹಕ ಫೋನಿನಲ್ಲಿ ಕೇಳಿದಾಗ ಕೊಡುವ ಉತ್ತರ. ಅಲ್ಲಿ ವ್ಯಾಕರಣ ಜಾರಿದರೂ ನಡೆದೀತು. ಆದರೆ ಅಳತೆ ಹೇಳುವಾಗ 'ಪಾಯಿಂಟ್ ಝೀರೋ ಫೈವ್' (0.05) ಎನ್ನುವುದು 'ಪಾಯಿಂಟ್ ಫೈವ್' (0.5) ಆದರೆ ಇಡೀ ಲಾಟ್ ಗುಜರಿಗೆ.

ಮೊದಲೇ ಗೇಟಿನಲ್ಲಿ ಕನ್ನಡದ ನೋಟಿಸ್ ಹಚ್ಚಬೇಕಿತ್ತು, ಹಚ್ಚಲಿಲ್ಲ. ಅದು ನಮ್ಮದೇ ತಪ್ಪು.