ಕನ್ನಡ ಬಾರದ ಲೈಟು

ತಿಪಟೂರಿನಿಂದ ಅಮ್ಮ ಬಂದಿದ್ದಳು. ರಾತ್ರಿ ಹಾಲ್‌ನಲ್ಲಿ ನಿಂತು ಗೋಡೆ ತಡಕುತ್ತಿದ್ದಳು.

"ಸ್ವಿಚ್ ಎಲ್ಲಿ ಇಟ್ಟಿದೀಯೋ?"

ಸ್ವಿಚ್ ಇದೆ. ಕಪ್ಪು ಗಾಜಿನ ಪಟ್ಟಿ, ಬೆರಳು ಸೋಕಿಸಿದರೆ ಸಾಕು. ಆದರೆ ಕತ್ತಲಲ್ಲಿ ಅದು ಕಾಣುವುದಿಲ್ಲ. ಕಾಣಬೇಕಾದರೆ ಲೈಟ್ ಹಾಕಬೇಕು. ಅದಕ್ಕೇ, "ಬಾಯಲ್ಲಿ ಹೇಳಿದ್ರೆ ಸಾಕಮ್ಮ, ಅದೇ ಹಾಕುತ್ತೆ" ಎಂದು ಟೀವಿ ಪಕ್ಕದ ಉಂಡೆ, ಅಂದರೆ ಮಾತು ಕೇಳಿ ಕೆಲಸ ಮಾಡುವ ಅಲೆಕ್ಸಾ ಸ್ಪೀಕರ್, ತೋರಿಸಿದೆ. ಅಮ್ಮ ಅದರ ಮುಂದೆ ಹೋಗಿ, ಪಕ್ಕದ ಮನೆಯ ಹೊಸ ಸೊಸೆಯ ಹತ್ತಿರ ಮಾತಾಡುವ ಹಾಗೆ, "ಒಂಚೂರು ಲೈಟ್ ಹಾಕವ್ವ ತಾಯಿ" ಎಂದಳು. ಉಂಡೆ ನೀಲಿ ಕಣ್ಣು ಮಿಟುಕಿಸಿತು. ಆಮೇಲೆ ಒಂದು ಹಿಂದಿ ಹಾಡು ಹಾಕಿತು.

"ಇವಳಿಗೆ ಕನ್ನಡ ಬರಲ್ವಾ?"

"ಇಂಗ್ಲಿಷು, ಹಿಂದಿ ಬರುತ್ತೆ."

"ನಿಮ್ಮನೆಗೆ ಬಂದು ಎಷ್ಟು ವರ್ಷ ಆಯ್ತು?"

"ಮೂರು."

"ಬಾಡಿಗೆ ಇಲ್ಲ, ಕರೆಂಟೂ ನಿಂದೇ. ಮೂರು ವರ್ಷದಲ್ಲಿ ಕನ್ನಡ ಕಲಿಯೋಕೆ ಏನಂತೆ ದಾಡಿ?"

ಬೆಂಗಳೂರಿನಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದ್ದಾರೆ. ಉಂಡೆ ಮಾತ್ರ ಹೇಗೋ ತಪ್ಪಿಸಿಕೊಂಡಿತ್ತು.

ಇದೆಲ್ಲ ಶುರುವಾಗಿದ್ದು ಇಂಟೀರಿಯರ್‌ನವರು ಬಂದಾಗ. ಅವರು ಲೈಟ್ ಅನ್ನಲಿಲ್ಲ, 'ಸೀನ್' ಅಂದರು. ಬೆಳಿಗ್ಗೆಗೆ ಒಂದು ಸೀನ್, ಸಿನಿಮಾಕ್ಕೆ ಒಂದು, ಊಟಕ್ಕೆ ಒಂದು. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಸೀನಿಗೆ ಎಂದೂ ಬರ ಇರಲಿಲ್ಲ ಅನ್ನುವುದು ಅವರಿಗೇನು ಗೊತ್ತು. ಆಮೇಲೆ ಎಲೆಕ್ಟ್ರಿಷಿಯನ್ ಬಂದು, "ಸಾರ್, ಈ ಬೋರ್ಡಿಗೆ ನ್ಯೂಟ್ರಲ್ ವೈರೇ ಬಂದಿಲ್ಲ" ಅಂದ. ಬರೀ ಲೈಟಿನ ಸ್ವಿಚ್ ಇರುವ ಹಳೇ ಬೋರ್ಡಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲವಂತೆ. ಹೆಚ್ಚಿನ ಸ್ಮಾರ್ಟ್ ಸ್ವಿಚ್ಚುಗಳಿಗೆ ಅದಿಲ್ಲದೆ ನಡೆಯಲ್ಲವಂತೆ. ಪೇಂಟ್ ಮಾಡಿಸಿ ಆರು ತಿಂಗಳಾಗಿದ್ದ ಗೋಡೆಗಳನ್ನೆಲ್ಲ ಕೊರೆದರು.

ಸ್ಮಾರ್ಟ್ ಬಲ್ಬಿಗೆ ಮಡಿ ಬೇರೆ. ಮನೆಯಲ್ಲಿರುವ ಜೋರು ವೈಫೈ, ಅಂದರೆ 5 ಗಿಗಾಹರ್ಟ್ಸ್‌ನದು, ಅದು ಮುಟ್ಟುವುದಿಲ್ಲ. ನಿಧಾನದ 2.4 ಆಗಬೇಕು. ರೂಟರ್ ಬದಲಾದ ದಿನ ಹದಿನೆಂಟು ಬಲ್ಬುಗಳಿಗೂ ಒಂದೊಂದಾಗಿ ಹೊಸ ಪಾಸ್‌ವರ್ಡ್ ಉಪದೇಶ ಮಾಡಿದೆ. ಒಂದೇ ದಿನ ಅಷ್ಟು ಜನರಿಗೆ ಉಪನಯನ ಮಾಡಿಸಿದ ಪುಣ್ಯ ನನ್ನದು.

ಹೋಂ ಥಿಯೇಟರಿನದು ದೊಡ್ಡ ಕತೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಐದು ರಿಮೋಟು ಹೋಗಿ ಒಂದೇ ಆಪ್ ಬರುತ್ತೆ ಎಂದಿದ್ದರು. ಈಗ ನಾಲ್ಕು ಆಪ್ ಇವೆ, ಐದು ರಿಮೋಟೂ ಇವೆ. ಸಂಜೆ ಅಮ್ಮ ಸೀರಿಯಲ್ ನೋಡಲು ಕೂತರೆ ಟೀವಿ ಲಾಗಿನ್ ಕೇಳುತ್ತದೆ. ಓಟಿಪಿ ನನ್ನ ಫೋನಿಗೆ ಬರುತ್ತದೆ. ನಾನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿರುತ್ತೇನೆ. ನಾನು ಮನೆ ಸೇರುವ ಹೊತ್ತಿಗೆ ಸೀರಿಯಲ್ಲಿನ ಸೊಸೆ ಒಂದು ಸಲ ಮನೆ ಬಿಟ್ಟು ವಾಪಸ್ ಬಂದಿರುತ್ತಾಳೆ.

ನನ್ನ ಸ್ನೇಹಿತನ ಪಾಡು ಇನ್ನೂ ಚೆನ್ನ. ಅವನದು ಬ್ರೋಷರಿನಲ್ಲೇ 'ಸ್ಮಾರ್ಟ್ ಹೋಮ್' ಎಂದು ಅಚ್ಚಾದ ಫ್ಲ್ಯಾಟು. ಬಾಗಿಲು ಬೆರಳಚ್ಚು ನೋಡಿ ತೆಗೆಯುತ್ತದೆ, ಪರದೆ ತಾನೇ ಸರಿಯುತ್ತದೆ. ಕರೆಂಟ್ ಕನೆಕ್ಷನ್ ಮಾತ್ರ ಟೆಂಪರರಿ, ಯಾಕೆಂದರೆ ಬಿಲ್ಡಿಂಗಿಗೆ ಓಸಿ, ಅಂದರೆ ವಾಸಕ್ಕೆ ಯೋಗ್ಯ ಎನ್ನುವ ಸರ್ಕಾರಿ ಪತ್ರ, ಇಲ್ಲ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬೆಂಗಳೂರಿನಲ್ಲಿ ಎಷ್ಟೋ ಮನೆಗಳು ಮೀಟರಿಗೆ ಕಾದು ಕೂತವು. ಬಿಲ್ಡರ್‌ಗೆ ಫೋನ್ ಮಾಡಿದರೆ, "ಸಾರ್, ಆಟೊಮೇಷನ್ ಪೂರ್ತಿ ಆಗಿದೆಯಲ್ಲ" ಎನ್ನುತ್ತಾನಂತೆ.

ಹಾಗಂತ ಈ ಪಾಡು ನಮಗೊಬ್ಬರಿಗೇ ಅಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನಿನ ವರ್ಜೀನಿಯಾ ಸರ್ವರ್‌ಗಳು ಕೈಕೊಟ್ಟವು. ಅಲೆಕ್ಸಾ ಹಲವು ಕಡೆ ಮೂಗಿಯಾದಳು. ಅಮೆರಿಕದಲ್ಲಿ ಕೆಲವರ ಸ್ಮಾರ್ಟ್ ಹಾಸಿಗೆ ತಲೆ ಎತ್ತಿದ್ದು ಇಳಿಸಲೇ ಇಲ್ಲ, ಕೆಲವು ಕಾದು ಕಾವಲಿಯಾದವು. ನಮ್ಮಲ್ಲಿ ಅವತ್ತು ನರಕ ಚತುರ್ದಶಿ. ತಿಪಟೂರಿನಲ್ಲಿ ಅಮ್ಮ ಹಂಡೆಗೆ ಅರಿಶಿನ ಕುಂಕುಮ ಹಚ್ಚಿ, ಒಲೆ ಉರಿ ಮಾಡಿ, ಎಣ್ಣೆ ನೀರು ಹಾಕಿಕೊಂಡಿದ್ದಳು. ಹಂಡೆಗೆ ವರ್ಜೀನಿಯಾದ ಹಂಗಿಲ್ಲ ನೋಡಿ.

ಈಗ ಮೊನ್ನೆ ರಾತ್ರಿಯ ವಿಷಯ. ಒಂದು ಗಂಟೆಗೆ ಕರೆಂಟ್ ಹೋಯಿತು. ನಮ್ಮ ಯುಪಿಎಸ್ ಎರಡು ಫ್ಯಾನಿಗೆ ಮಾತ್ರ. ಎರಡು ಗಂಟೆ ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಈ ಬಲ್ಬುಗಳಿಗೊಂದು ಗುಣ ಇದೆ. ಕರೆಂಟ್ ಹೋಗಿ ಬಂದರೆ, ಮೊದಲು ಆರಿದ್ದವೋ ಉರಿಯುತ್ತಿದ್ದವೋ ಅನ್ನುವುದು ಮರೆತು ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಹದಿನೆಂಟೂ, ಪೂರ್ತಿ ಬೆಳಕಿನಲ್ಲಿ.

ಬೆಳಗಾಯಿತು ಎಂದುಕೊಂಡು ಅಮ್ಮ ಎದ್ದಳು. ಕೃಷ್ಣಾ ರಾಮಾ ಎನ್ನುತ್ತಾ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಕೂತಳು. ಬೀದಿಯಲ್ಲಿ ವಾಲ್ವ್‌ಮ್ಯಾನ್ ಬಗ್ಗಿ ಉದ್ದನೆಯ ಕಬ್ಬಿಣದ ಕೀಲಿ ತಿರುಗಿಸುತ್ತಿದ್ದ. ದೂರದ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯಿಂದ ಮೂರು ಕಡೆ ಪಂಪಾಗಿ ಬೆಂಗಳೂರು ಸೇರುವ ಕಾವೇರಿ ನಮ್ಮ ಬೀದಿಗೆ ತಿರುಗುವುದು ಆ ಕೀಲಿಯಿಂದಲೇ. ಯಾವತ್ತು, ಎಷ್ಟು ಹೊತ್ತಿಗೆ ಅನ್ನುವುದು ಯಾವ ಆಪಿಗೂ ಗೊತ್ತಿಲ್ಲ.

"ಏನಮ್ಮಾ, ಇಷ್ಟೊತ್ತಲ್ಲಿ ರಂಗೋಲಿ? ನೀರು ಬಿಟ್ಟಿದೀನಿ, ಸಂಪಿನ ನಲ್ಲಿ ತೆಗೀರಿ" ಅಂದನಂತೆ. ಅಪ್ಪಟ ಕನ್ನಡದಲ್ಲಿ. ಅಮ್ಮ ತೆಗೆದಳು. ಎಷ್ಟೋ ತಿಂಗಳಿಂದ ನಾವು ನಿದ್ದೆ ಮಾಡಿ ಕಳಕೊಂಡು, ಬೆಳಿಗ್ಗೆ ಟ್ಯಾಂಕರಿನವನಿಗೆ ದುಡ್ಡು ಕೊಡುತ್ತಿದ್ದ ನೀರು. ಸಂಪು ತುಂಬಿತು.

ಏಳಕ್ಕೆ ನಾನೆದ್ದು ಫೋನ್ ನೋಡಿದೆ. ಸಂಪಿಗೆ ಹಾಕಿಸಿದ್ದ ಸೆನ್ಸರಿನಿಂದ ಕೆಂಪಕ್ಷರದ ಎಚ್ಚರಿಕೆ ಬಂದಿತ್ತು. ನೀರಿನ ಮಟ್ಟ ಎಂದಿನಂತಿಲ್ಲ, ಸಾಧನದಲ್ಲಿ ದೋಷ ಇರಬಹುದು, ಕೂಡಲೇ ಪರೀಕ್ಷಿಸಿ.