ಅಡ್ಡಹೆಸರು ಕೇಳಿ ನಗುವ ಮುಂಚೆ

"ಅಪ್ಪಾ, ನನ್ನ ಹೆಸರಿಂದ ಮೆಣಸಿನಕಾಯಿ ತೆಗೆಸಿಬಿಡು."

ಹೋದ ವಾರ ಮಗಳು ಶಾಲೆಯಿಂದ ಬಂದವಳೇ ಹೀಗಂದಳು. ಹಾಜರಿ ಕರೆಯುವಾಗ ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಬೆಂಗಳೂರಿಗೆ ಬಂದ ಈ 20 ವರ್ಷದಲ್ಲಿ ನಾನೂ ಈ ನಗು ಬೇಕಾದಷ್ಟು ಕೇಳಿದ್ದೇನೆ. ಆದರೆ ಅವಳ ಕಣ್ಣಲ್ಲಿ ನೀರು ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಈ ಕಡೆಯವರಿಗೆ ಇನಿಷಿಯಲ್ ಸಾಕು. ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ. ಧಾರವಾಡ, ಗದಗ, ಹಾವೇರಿ ಕಡೆ ನಮಗೆ ಅಡ್ಡಹೆಸರು ಬೇಕು. ಮನೆತನದವರು ಏನು ಮಾಡಿಕೊಂಡಿದ್ದರು, ಊರೊಳಗೆ ಎಲ್ಲಿ ಇದ್ದರು ಅನ್ನುವುದನ್ನು ಅದೇ ಹೇಳುತ್ತದೆ. ಮೆಣಸಿನಕಾಯಿ ವ್ಯಾಪಾರ ಮಾಡಿದವರು ಮೆಣಸಿನಕಾಯಿ. ಬ್ಯಾಡಗಿ ಸೀಮೆಯ ಮನೆತನಕ್ಕೆ ಇದಕ್ಕಿಂತ ಮರ್ಯಾದೆಯ ಹೆಸರು ಬೇಕಾ? ಬೆಲ್ಲ ಮಾರಿದವರು ಬೆಲ್ಲದ. ಕೊನೆಯ ಆ 'ದ' ಗಮನಿಸಿ. 'ಬೆಲ್ಲದವರು' ಅನ್ನುವುದರಲ್ಲಿ 'ಅವರು' ಸವೆದು ಹೋಗಿ ಉಳಿದದ್ದು ಅದು. ಮನೆ ಮುಂದೆ ಬೇವಿನ ಮರ ಇದ್ದವರು ಬೇವಿನಮರದ ಆಗಿದ್ದೂ ಹಾಗೆಯೇ.

ನನಗೆ ಜಾಸ್ತಿ ಇಷ್ಟವಾಗುವುದು 'ಮನಿ' ಇರುವ ಹೆಸರುಗಳು. ಅಗಸಿಮನಿ ಅಂದರೆ ಊರಬಾಗಿಲ ಹತ್ತಿರದ ಮನೆ. ಮೂಲಿಮನಿ ಮೂಲೆಯದು. ತೆಗ್ಗಿನಮನಿ ತಗ್ಗಿನಲ್ಲಿದ್ದದ್ದು. ಹೊಸಮನಿ ಎಷ್ಟು ತಲೆಮಾರಿನ ಹಿಂದೆ ಹೊಸದಾಗಿತ್ತೋ! ಒಂದೇ ಊರಿನ ಇಂಥ ಹತ್ತು ಹೆಸರು ಸಿಕ್ಕರೆ, ಈಗ ಅಗಸಿಯೂ ಇಲ್ಲದ, ಮರವೂ ಇಲ್ಲದ ಆ ಹಳೇ ಊರನ್ನು ಕಾಗದದ ಮೇಲೆ ಬಿಡಿಸಬಹುದು ಅಲ್ವಾ?

ಕೆಲವು ಹೆಸರು ಶಾಸನಗಳಲ್ಲೇ ಸಿಗುತ್ತವೆ. ಗೌಡ ಅಲ್ಲಿ ಗಾವುಂಡ. ಶಾನಭಾಗ ಅಲ್ಲಿ ಲೆಕ್ಕ ಬರೆಯುವ ಸೇನಬೋವ. ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿರುವ ಊರು ಕದಂಬರ ಒಂದು ಶಾಖೆ ಆಳಿದ ಪಾನುಂಗಲ್. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಪಾನುಂಗಲ್ ಹಾನಗಲ್ ಆಯಿತು.

ಕಸುಬಿನ ಹೆಸರು ಜಾತಿಯನ್ನೂ ಹೇಳಿಬಿಡುತ್ತದೆ, ನಿಜ. ಅದರಿಂದ ಅವಮಾನ ಉಂಡು ಅಡ್ಡಹೆಸರು ಬಿಟ್ಟವರಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ನಾಲ್ಕು ಜನ ನಗುತ್ತಾರೆ ಅಂತ ಬಿಡುವುದು ಮಾತ್ರ ಬೇಡ. ಮಕ್ಕಳ ಹೆಸರು ಬರೆಸುವಾಗ ಅಡ್ಡಹೆಸರು ಬಿಟ್ಟು ಊರಿನ ಒಂದಕ್ಷರಕ್ಕೆ ಮುಗಿಸುವವರನ್ನು ನೋಡಿದರೆ ಸಂಕಟವಾಗುತ್ತದೆ.

ಇದನ್ನೆಲ್ಲ ಆ ರಾತ್ರಿ ಮಗಳಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನಮ್ಮಲ್ಲಿ ಮೊದಲು ಮೆಣಸಿನಕಾಯಿ ಮಾರಿದ ಅಜ್ಜ ಯಾರಪ್ಪಾ? ಯಾವ ಸಂತೆಗೆ ಹೋಗ್ತಿದ್ರು?" ಅಂದಳು.

ನಮ್ಮಪ್ಪನಿಗೆ ಗೊತ್ತಿತ್ತು. ಅವರು ತೀರಿಕೊಂಡು ಮೂರು ವರ್ಷ ಆಯಿತು. ನಾನು ಒಂದು ದಿನವೂ ಕೇಳಿರಲಿಲ್ಲ.

ನಿಮ್ಮ ಮನೆಯಲ್ಲಿ ಹೇಳುವ ಹಿರಿಯರಿದ್ದರೆ, ಈ ಭಾನುವಾರವೇ ಕೂತು ಕೇಳಿ ಬರೆದಿಡಿ.